ಜಾಹೀರಾತಿನ ಬೆಲೆ ಎಷ್ಟು?

ಬೆಳಗಿನ ಪತ್ರಿಕೆ ನಾಲ್ಕಾರು ರೂಪಾಯಿಗೆ ನಮ್ಮ ಬಾಗಿಲಿಗೆ ಬಂದು ಬೀಳುತ್ತದಲ್ಲ, ಅದು ಜಾಹೀರಾತಿನ ಪುಣ್ಯ. ಆ ದುಡ್ಡು ಕಾಗದ, ಮುದ್ರಣಕ್ಕೇ ಸಾಲದು. ವಿವಿಧಭಾರತಿಗೆ 1967ರಲ್ಲಿ, ದೂರದರ್ಶನಕ್ಕೆ 1976ರಲ್ಲಿ ಜಾಹೀರಾತು ಬಂತು. ಹಾಡಿನ ನಡುವೆ ಸೋಪು ಮಾರುತ್ತಾರೆಂದು ಬೈದೆವು. ಆ ಸೋಪಿನ ರಾಗವನ್ನೇ ಗುನುಗಿದೆವು ಕೂಡ.

ನಮ್ಮ ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳನ್ನೇ ನೋಡಿ. ಹೋಟೆಲ್ ಮಾಲೀಕರ 'ಶುಭಾಶಯಗಳೊಂದಿಗೆ' ಪುಟಗಳಿಲ್ಲದಿದ್ದರೆ ಎಷ್ಟೋ ಕತೆ, ಕವಿತೆ ಅಚ್ಚಿನ ಮುಖ ಕಾಣುತ್ತಿರಲಿಲ್ಲ.

ಈಗ ಎಲ್ಲವೂ ಮೊಬೈಲಿನಲ್ಲಿ. ನಮ್ಮ ಬಿಲ್ಡಿಂಗಿನ ಅಕ್ಕ ಒಬ್ಬರು ವಾಟ್ಸಾಪ್ ಸ್ಟೇಟಸ್‌ಗೆ ಹೋಳಿಗೆಯ ಫೋಟೋ ಹಾಕುತ್ತಾರೆ; ಸಂಜೆಯೊಳಗೆ ಡಬ್ಬ ಖಾಲಿ. ಪ್ರಚಾರದ ಖರ್ಚು ಸೊನ್ನೆ.

ಅದೇ ಬಿಲ್ಡಿಂಗಿನ ನಿವೃತ್ತ ರಾಯರು ಷೇರಿನ ಜಾಹೀರಾತೊಂದರಲ್ಲಿ ದೊಡ್ಡವರೊಬ್ಬರ ಮುಖ ಕಂಡು ನಂಬಿದರು. ಮುಖವೂ ನಕಲಿ, ದನಿಯೂ ನಕಲಿ. ಪಿಎಫ್ ಹಣದ ದೊಡ್ಡ ಪಾಲು ಹೋಯಿತು. ನಾಚಿಕೆಯಿಂದ ಮಗನಿಗೂ ಹೇಳದೆ ಎರಡು ದಿನ ಸುಮ್ಮನಿದ್ದರು.

ಹೋಳಿಗೆ ಹಳಸಿದ್ದರೆ ಅಕ್ಕನ ಬಾಗಿಲು ತಟ್ಟಬಹುದು. ಸಂಚಿಕೆಯ ಜಾಹೀರಾತಿನಲ್ಲಿ ಹೋಟೆಲಿನ ವಿಳಾಸವಿರುತ್ತದೆ. ರಾಯರು ಯಾರ ಬಾಗಿಲು ತಟ್ಟಬೇಕು? ಜಾಹೀರಾತಿಗೆ ಬೆಲೆ ಬರುವುದು ಅದರ ಹಿಂದೆ ಉತ್ತರ ಕೊಡುವವರು ಇದ್ದಾಗ.

ಆದ್ದರಿಂದ ಹಿರಿಯರೇ, ಹಣ ಹೂಡಿ ಎನ್ನುವವರ ನೋಂದಣಿಯನ್ನು ಮೊದಲು ಸೆಬಿಯ ಜಾಲತಾಣದಲ್ಲಿ ನೋಡಿ. ಮೋಸ ಹೋದಿರೋ, ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ. ರಾಯರಿಗೆ ದುಬಾರಿಯಾದದ್ದು ಆ ಎರಡು ದಿನದ ಮೌನ.