ಗಂಟು ಕಲಿಸಿದರೆ ಸಾಲದು

ಪುಣೆಯ ಗೆಳೆಯನೊಬ್ಬ ನನಗೆ ಫ್ಲೈ, ಅಂದರೆ ಹುಳದಂತೆ ಕಾಣುವ ಗಾಳ, ಕಟ್ಟುವುದನ್ನು ಕಲಿಸಿದ. ಹಳೆಯ ಕ್ರಮ: ಗಾಳವನ್ನು ಬೆರಳಲ್ಲೇ ಹಿಡಿದು ದಾರ ಸುತ್ತಬೇಕು. ನವಿಲುಗರಿಯ ಎಳೆ ಹುಳದ ಮೈ, ಹುಂಜದ ಕತ್ತಿನ ಗರಿ ಅದರ ಕಾಲು. ಈಗ ಭಾನುವಾರ ನಾಲ್ಕು ಹುಡುಗರಿಗೆ ನಾನು ಕಲಿಸುತ್ತೇನೆ, ಮೊದಲು ಮೀನಿನ ಕಥೆ ಹೇಳಿ. 'ಕಲೆ ಕಲಿಸಿ ಸಾಕು, ಉಪದೇಶ ಯಾಕೆ?' ಎನ್ನುತ್ತಾರೆ ಕೆಲವರು. ಯಾಕೆಂದರೆ ಹೀಗೆ.

ನೀಲಿ ರೆಕ್ಕೆಯ ಮಹಶೀರ್ ಮೀನನ್ನು ಸೈಕ್ಸ್ 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಮುಳಾ-ಮುಠಾ ನದಿಯಿಂದ. 1970ರ ದಶಕದಿಂದ ಲೋಣಾವಳದ ಟಾಟಾ ಕೇಂದ್ರದಲ್ಲಿ ಅದರ ಮರಿ ಮಾಡಿಸಿದರು. ಅವು ಕಾವೇರಿಗೂ ಹೋದವು. ಗಾಳದವರಿಗೆ ಖುಷಿ, ಮೀನು ಹೆಚ್ಚಾಯಿತು. ಆದರೆ ಕಾವೇರಿ ಕಣಿವೆ ಬಿಟ್ಟರೆ ಜಗತ್ತಿನಲ್ಲೆಲ್ಲೂ ಇಲ್ಲದ, ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಸವೆಯುತ್ತ ಹೋಯಿತು. 2018ರಲ್ಲಿ ಐಯುಸಿಎನ್ ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಅಣೆಕಟ್ಟು, ಮರಳುಗಣಿ, ಡೈನಮೈಟ್ ಕಾರಣ ಹೌದು. ಹೊರಗಿನ ಮರಿ ಬಿಟ್ಟದ್ದೂ ಕಾರಣ.

ಬಿಟ್ಟವರು ಕೇಡಿಗರಲ್ಲ, ಮೀನನ್ನು ಪ್ರೀತಿಸಿದವರೇ. ಯಾವ ನದಿಗೆ ಯಾವ ಮೀನು ಎಂದು ಕೇಳಲಿಲ್ಲ, ಅಷ್ಟೇ. 'ಹಿಡಿದು ಬಿಡುತ್ತೇವಲ್ಲ' ಎಂಬ ನಮ್ಮ ಸಮಾಧಾನವೂ ಅಷ್ಟೇ ಅರ್ಧಂಬರ್ಧ.

ಆದ್ದರಿಂದ ನನ್ನ ಹುಡುಗರ ಮೊದಲ ಪಾಠ, ಗಾಳದ ಒಳಮುಳ್ಳನ್ನು ಇಕ್ಕಳದಲ್ಲಿ ಅದುಮಿ ಚಪ್ಪಟೆ ಮಾಡುವುದು, ಮೀನಿನ ಬಾಯಿ ಹರಿಯದಂತೆ. ಎರಡನೆಯದು ರೆಕ್ಕೆಯ ಬಣ್ಣ ಗುರುತಿಸುವುದು. ಗಂಟು ಮೂರನೆಯದು. ನಿಮಗೆ ಯಾರೋ ಬರೀ ಗಂಟು ಕಲಿಸಿದ್ದರೆ, ಉಳಿದದ್ದನ್ನು ನೀವೇ ಕಲಿತು ಮುಂದಿನವರಿಗೆ ದಾಟಿಸಿ.