ಪಂಪಿನ ಸಪ್ಪಳ: ಮೊದಲು ಕಿವಿ, ಆಮೇಲೆ ಪಾನಾ

ಅಂಗಡಿಯ ಲೆಕ್ಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ನಾವು ಇಡೀ ಕಿರ್ದಿಯನ್ನು ಹರಿದು ಹೊಸದಾಗಿ ಬರೆಯುವುದಿಲ್ಲ. ಮೊದಲು ಬೇರೀಜು ನೋಡುತ್ತೇವೆ, ಆಮೇಲೆ ಚೀಟಿ ನೋಡುತ್ತೇವೆ, ಕೊನೆಗೆ ಖತಾವಣಿಗೆ ಕೈ ಹಾಕುತ್ತೇವೆ. ಆದರೆ ನೀರಿನ ಪಂಪು ಸಪ್ಪಳ ಮಾಡಿದರೆ ಮಾತ್ರ ಈ ಜಾಣತನ ಮರೆತು ಹೋಗುತ್ತದೆ. ಕೂಡಲೆ ಮಿಸ್ತ್ರಿಯನ್ನು ಕರೆಸಿ ಬಿಚ್ಚಿಸುತ್ತೇವೆ. ಅರ್ಧ ಖರ್ಚು ಅಲ್ಲಿಯೇ ವ್ಯರ್ಥವಾಗುತ್ತದೆ.

ನಮ್ಮ ಸೀಮೆಗೂ ಪಂಪಿಗೂ ಹಳೆಯ ನಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ವ್ಯವಹಾರ ಆರಂಭಿಸಿದರು. 1910ರಲ್ಲಿ ಈಗಿನ ಸಾಂಗಲಿ ಜಿಲ್ಲೆಯ ಬರಡು ಭೂಮಿಯಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಪಂಪು 1926ರಲ್ಲಿ ಹೊರಬಂದಿತು. ಇಂದು ಕೃಷ್ಣೆಯ ನೀರನ್ನು ಮ್ಹೈಸಾಳದಿಂದ ಹಂತ ಹಂತವಾಗಿ ಮೇಲೆತ್ತಿ ಜತ್ತದ ಕಡೆಗೆ ಒಯ್ಯುವುದೂ ಪಂಪುಗಳೇ. ಇಷ್ಟು ಬಳಕೆಯ ಯಂತ್ರದ ಮಾತನ್ನು ನಾವು ತಿಳಿದುಕೊಳ್ಳದಿದ್ದರೆ ಹೇಗೆ?

ಮಿರಜ ತಾಲೂಕಿನ ಖಂಡೇರಾಜುರಿಯ ಒಬ್ಬ ರೈತರು ಒಂದು ಎಪ್ರಿಲ್‌ನಲ್ಲಿ ನಮ್ಮ ಅಂಗಡಿಗೆ ಬಂದರು. ದ್ರಾಕ್ಷಿಯ ಚಾಟ್ನಿ ಮುಗಿದಿತ್ತು, ಬಳ್ಳಿಗೆ ನೀರು ಬೇಕೇ ಬೇಕು. ತೋಟದ ಮೇಲೆ ಸಾಲವೂ ಇತ್ತು.

“ಸಾವಕಾರ್ರ, ಪಂಪಿನ್ಯಾಗ ಯಾರೋ ಖಡಿ ಹಾಕ್ಯಾರ ಅನ್ನೂ ಹಂಗ ಸಪ್ಪಳ ಮಾಡಾಕತ್ತೈತ್ರಿ. ಬೇರಿಂಗ ಹಾಕಿಸೀನಿ, ಹೋಗಲಿಲ್ಲ. ಈಗ ಮಿಸ್ತ್ರಿ ಹೊಸಾ ಪಂಪ ತರ್ರಿ ಅಂತಾನ” ಎಂದರು.

ನಾವು ಪಂಪು ತೋರಿಸಲಿಲ್ಲ. “ಬಾವ್ಯಾಗ ನೀರು ಪಂಪಿನಿಂದ ಎಷ್ಟು ಫೂಟು ಕೆಳಗ ಐತಿ?” ಎಂದು ಕೇಳಿದೆವು. ಅವರಿಗೆ ತಿಳಿದಿರಲಿಲ್ಲ. ಮರುದಿನ ಹಗ್ಗ ಬಿಟ್ಟು ಅಳೆದು ಬಂದು 26 ಫೂಟು ಎಂದರು. ರೋಗ ಅಲ್ಲಿಯೇ ಸಿಕ್ಕಿತು. ಬಾವಿಯೊಳಗಿನ ಕಟ್ಟೆಯ ಮೇಲೆ, ನೀರಿನಿಂದ ಹತ್ತು ಫೂಟು ಎತ್ತರದಲ್ಲಿ, ಅದೇ ಹಳೆಯ ಪಂಪನ್ನು ಕೂಡಿಸಿದರು. ಸಪ್ಪಳ ನಿಂತಿತು, ಬಳ್ಳಿ ಉಳಿಯಿತು. ನಮಗೆ ಒಂದು ಪಂಪಿನ ವ್ಯಾಪಾರ ತಪ್ಪಿತು, ಗಿರಾಕಿ ಮಾತ್ರ ಕಾಯಂ ಆದರು.

ಇದರ ಕಾರಣ ಸರಳ. ಪಂಪು ನೀರನ್ನು ಎಳೆಯುವುದಿಲ್ಲ. ಅದು ಒಳಗೆ ಒತ್ತಡವನ್ನು ಕಡಿಮೆ ಮಾಡುತ್ತದೆ, ಹೊರಗಿನ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಗಾಳಿಯ ಶಕ್ತಿ ಹೆಚ್ಚೆಂದರೆ ಸುಮಾರು 34 ಫೂಟು. ಕೊಳವೆಯ ತಿಕ್ಕಾಟ, ಬಾಗು, ಫುಟ್‌ವಾಲ್ವುಗಳ ತಡೆ ಕಳೆದರೆ ವ್ಯವಹಾರದಲ್ಲಿ ದಕ್ಕುವುದು 20-22 ಫೂಟು. ಅದಕ್ಕಿಂತ ಆಳಕ್ಕೆ ಹೋದರೆ ಪಂಪಿನೊಳಗೆ ನೀರು ತಣ್ಣಗಿದ್ದರೂ ಕುದ್ದಂತಾಗಿ ಆವಿಯ ಗುಳ್ಳೆಗಳಾಗುತ್ತದೆ. ಗುಳ್ಳೆಗಳು ಒಡೆಯುವಾಗಲೇ ಖಡಿ ಹಾಕಿದಂಥ ಸಪ್ಪಳ. ಅವು ಇಂಪೆಲರಿನ ಗಟ್ಟಿ ಲೋಹವನ್ನೂ ಹುಳ ತಿಂದಂತೆ ಕೊರೆಯುತ್ತವೆ.

ಹಡಗಿನವರಿಗೂ ಇದೇ ಕಾಟ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನೀರಿಗಿಳಿಸಿದ ‘ಟರ್ಬಿನಿಯಾ’ ನೌಕೆ ಮೊದಲು ವೇಗ ಹಿಡಿಯಲಿಲ್ಲ. ಎಂಜಿನ್ನಿನಲ್ಲಿ ದೋಷವಿರಲಿಲ್ಲ, ಪಂಖದ ಸುತ್ತ ಇಂಥದೇ ಗುಳ್ಳೆಗಳಿದ್ದವು. ಒಂದರ ಬದಲು ಮೂರು ದಂಡಗಳಿಗೆ ಪಂಖಗಳನ್ನು ಹಂಚಿದ ಮೇಲೆ 1897ರಲ್ಲಿ ಅದು ಜಗತ್ತನ್ನೇ ಬೆರಗುಗೊಳಿಸಿತು.

ಈಗ ಪರೀಕ್ಷೆಯ ಕ್ರಮ. ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ.

ಒಂದು: ಸ್ವಿಚ್ಚು ಬಂದ್ ಮಾಡಿ ಕೇಳಿರಿ. ಕರೆಂಟು ಹೋದ ಕ್ಷಣವೇ ಗುಂಯ್ ಎನ್ನುವುದು ನಿಂತರೆ ದೋಷ ವಿದ್ಯುತ್ತಿನ ಕಡೆಗೆ. ಮೂರರಲ್ಲಿ ಒಂದು ಫೇಜು ಹೋದಾಗ ಮೋಟರು ಹೀಗೆ ನರಳುತ್ತದೆ, ತಡಮಾಡಿದರೆ ವೈಂಡಿಂಗ್ ಸುಡುತ್ತದೆ. ತಿರುಗುತ್ತ ನಿಲ್ಲುವವರೆಗೂ ಕರಕರ ಎಂದರೆ ಬೇರಿಂಗ ಅಥವಾ ಇಂಪೆಲರಿನ ತಿಕ್ಕಾಟ.

ಎರಡು: ಹೊರಗೆ ನೀರು ಬಿಡುವ ವಾಲ್ವನ್ನು ಸ್ವಲ್ಪ ಮುಚ್ಚಿರಿ. ಖಡಿಯ ಸಪ್ಪಳ ತಗ್ಗಿದರೆ ತೊಂದರೆ ನೀರು ಒಳಬರುವ ಕಡೆಯದು. ನೀರಿನ ಆಳ ಅಳೆಯಿರಿ.

ಮೂರು: ನೀರು ಹಾಲಿನಂತೆ ಬೆಳ್ಳಗೆ, ಗುಳ್ಳೆಗಳೊಡನೆ ಬಂದರೆ ಒಳಬರುವ ಕೊಳವೆ ಗಾಳಿ ಎಳೆಯುತ್ತಿದೆ. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿರಿ. ನೊರೆ ಎಲ್ಲಿ ಒಳಗೆ ಹೋಗುವುದೋ ಅಲ್ಲಿಯೇ ಸಂದು.

ನಾಲ್ಕು: ಫುಟ್‌ವಾಲ್ವಿನ ಜಾಳಿಗೆ ನೋಡಿರಿ. ಎಲೆ, ಪ್ಲಾಸ್ಟಿಕ್ ಚೀಲ ಸಿಕ್ಕಿದ್ದರೆ ಪಂಪಿಗೆ ಉಸಿರು ಕಟ್ಟುತ್ತದೆ. ನೀರು ಸೋಸದೆ ಕುಡಿಯದ ಮನೆತನಗಳು ನಮ್ಮವು. ಬಾವಿಯ ಜಾಳಿಗೆ ಹರಿದಿದ್ದರೆ ಕಪ್ಪೆ, ಮೀನು ಇಂಪೆಲರಿಗೆ ಸಿಕ್ಕು ಸಾಯುತ್ತವೆ. ಹರಿದ ಜಾಳಿಗೆಯನ್ನು ಬದಲಿಸುವುದು ಉಳಿತಾಯವೂ ಹೌದು, ಜೀವದಯೆಯೂ ಹೌದು.

ಐದು: ತಳದ ಬೋಲ್ಟು ಸಡಿಲಾಗಿದೆಯೇ, ಮೋಟರು ಮತ್ತು ಪಂಪಿನ ದಂಡ ಒಂದೇ ಸರಳರೇಖೆಯಲ್ಲಿ ಇವೆಯೇ, ಕಪ್ಲಿಂಗಿನ ರಬ್ಬರು ಸವೆದಿದೆಯೇ ನೋಡಿರಿ. ಮನೆಯ ಮಾಳಿಗೆಗೆ ನೀರು ಏರಿಸುವ ಪಂಪಿನ ಕೆಳಗೆ ದಪ್ಪ ರಬ್ಬರು ಹಾಸಿ, ಗೋಡೆಗೆ ತಗಲುವ ಕೊಳವೆಯನ್ನು ಬಿಡಿಸಿದರೆ ಮನೆಯವರ ನಿದ್ದೆಯೂ ನೆರೆಯವರ ಸ್ನೇಹವೂ ಉಳಿಯುತ್ತವೆ.

ಇಷ್ಟಾದ ಮೇಲೂ ಸಪ್ಪಳ ಉಳಿದರೆ ಬೇರಿಂಗ ಬಿಚ್ಚಿಸಿರಿ.

ಒಂದು ಎಚ್ಚರಿಕೆಯ ಮಾತು. ಪಂಪಿಗೆ ಕೈ ಹಚ್ಚುವ ಮುಂಚೆ ಮೇನ್ ಸ್ವಿಚ್ಚು ಬಂದ್ ಮಾಡಿ ಫ್ಯೂಜು ತೆಗೆದು ಸ್ವಂತ ಕಿಸೆಯಲ್ಲಿ ಇಟ್ಟುಕೊಳ್ಳಿರಿ. ಮಗ ಕೆಳಗೆ ಬಾವಿಯಲ್ಲಿ ಇರುವಾಗ ಮೇಲೆ ಯಾರೋ ತಿಳಿಯದೆ ಸ್ವಿಚ್ಚು ಹಾಕಿದರೆ ಆಗುವ ನಷ್ಟವನ್ನು ಯಾವ ಖತಾವಣಿಯಲ್ಲಿಯೂ ಬರೆಯಲಾಗದು. ಅರ್ಥಿಂಗ್ ಸರಿಯಿಲ್ಲದ ಮೋಟರನ್ನು ಒದ್ದೆ ಕೈಯಿಂದ ಮುಟ್ಟಬೇಡಿರಿ. ಸೀರೆಯ ಸೆರಗು, ಧೋತರದ ಚುಂಗು ತಿರುಗುವ ದಂಡದಿಂದ ದೂರವಿರಲಿ. ನೀರಿಲ್ಲದೆ ಪಂಪನ್ನು ಓಡಿಸಬೇಡಿರಿ, ಸೀಲು ಸುಟ್ಟುಹೋಗುತ್ತದೆ.

ಮಿಸ್ತ್ರಿ ಬಂದಾಗ “ಸಪ್ಪಳ ಬರತೈತಿ” ಎಂದಷ್ಟೇ ಹೇಳದೆ, ಯಾವಾಗಿನಿಂದ, ಎಂಥ ಸಪ್ಪಳ, ನೀರು ಎಷ್ಟು ಆಳ ಎಂಬ ಮೂರು ಮಾತು ಹೇಳಿರಿ. ಪ್ರಾಮಾಣಿಕ ಮಿಸ್ತ್ರಿಗೆ ಕೆಲಸ ಹಗುರಾಗುತ್ತದೆ, ಉಳಿದವರಿಗೆ ನಿಮ್ಮನ್ನು ಮೋಸಗೊಳಿಸುವುದು ಕಠಿಣವಾಗುತ್ತದೆ.