ದುರಸ್ತಿ ಬಿಲ್ಲಿಗೂ ಪೂರ್ವ ಪರಿಶೋಧನೆ ಅಗತ್ಯ

ರೋಣ, ನರಗುಂದ, ಗಜೇಂದ್ರಗಡದ ವರ್ತಕ ಬಾಂಧವರು ಸರಕಿನ ಖರೀದಿಯಲ್ಲಿ ಪೈಸೆ ಪೈಸೆಗೂ ಲೆಕ್ಕವಿಡುತ್ತಾರೆ. ಕಾರಿನ ದುರಸ್ತಿ ಬಿಲ್ಲನ್ನು ಮಾತ್ರ ಪ್ರಶ್ನಿಸದೆ ಪಾವತಿಸುತ್ತಾರೆ. ಸರಕು ವಾಹನದ ದುರಸ್ತಿಗೆ ತೆತ್ತ ಜಿಎಸ್‌ಟಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುತ್ತದೆ. ಸ್ವಂತ ಓಡಾಟದ ಕಾರಿಗೆ ದೊರೆಯದು. ಆದ್ದರಿಂದ ಕಾರಿನ ಬಿಲ್ಲಿನಲ್ಲಿ ತೆರಿಗೆಯೂ ನಮ್ಮ ಮೇಲಿನ ಹೊರೆಯೇ.

ಭಾರತ್ ಸ್ಟೇಜ್-4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಓಬಿಡಿ-2 ದೋಷಪತ್ತೆ ವ್ಯವಸ್ಥೆ ಕಡ್ಡಾಯವಾಯಿತು. ಸ್ಟಿಯರಿಂಗ್ ಬಳಿಯ 16 ಪಿನ್ನಿನ ಸಾಕೆಟ್ಟಿಗೆ ಚಿಕ್ಕ ಸ್ಕ್ಯಾನರ್ ಜೋಡಿಸಿದರೆ ದೋಷದ ಸಂಕೇತ ಮೊಬೈಲಿನಲ್ಲಿಯೇ ಮೂಡುತ್ತದೆ.

ಆದರೆ ಸಂಕೇತವೇ ಅಂತಿಮ ತೀರ್ಪಲ್ಲ. ಡೀಸೆಲ್ ಕಾರಿನಲ್ಲಿ ‘ಪಿ0087’ ಎಂದರೆ ಇಂಧನದ ಒತ್ತಡ ಕಡಿಮೆಯಾಗಿದೆ ಎಂದಷ್ಟೇ ಅರ್ಥ. ಕಾರಣ ಕಟ್ಟಿಕೊಂಡ ಫಿಲ್ಟರ್ ಇರಬಹುದು, ದುಬಾರಿ ಪಂಪೂ ಇರಬಹುದು. ಫಿಲ್ಟರ್ ಪರೀಕ್ಷಿಸದೆ ಪಂಪ್ ಬದಲಿಸಲು ಮಾಲೀಕರು ಒಪ್ಪಬಾರದು. ಮೆಕ್ಯಾನಿಕ್ ನೋಡುವ ಮೊದಲು ಸಂಕೇತವನ್ನು ಅಳಿಸಲೂ ಬಾರದು. ಅಳಿಸಿದರೆ ದೋಷ ಕಂಡ ಕ್ಷಣದ ದಾಖಲೆಯೂ ನಾಶವಾಗುತ್ತದೆ. ಬ್ರೇಕ್, ಏರ್‌ಬ್ಯಾಗ್ ಕೆಲಸವನ್ನು ನುರಿತವರಿಗೇ ಬಿಡುವುದು ಕ್ಷೇಮ.

ಸ್ಕ್ಯಾನರ್, ಮಲ್ಟಿಮೀಟರ್, ಟೈರಿನ ಗಾಳಿ ಅಳೆಯುವ ಗೇಜ್ ಹಾಗೂ ಕಾರಿಗೊಂದು ದುರಸ್ತಿ ವಹಿ: ಇಷ್ಟಿದ್ದರೆ ಸಾಕು. ಸಂಕೇತ, ದಿನಾಂಕ, ಓಡಿದ ಕಿಲೋಮೀಟರ್, ಬದಲಿಸಿದ ಭಾಗ, ತೆತ್ತ ಹಣ ವಹಿಯಲ್ಲಿ ದಾಖಲಾಗಲಿ. ಆಧಾರಪತ್ರವಿಲ್ಲದ ಖರ್ಚನ್ನು ಲೆಕ್ಕದಲ್ಲಿ ಒಪ್ಪದ ನಾವು, ಆಧಾರವಿಲ್ಲದ ದುರಸ್ತಿಯನ್ನು ಏಕೆ ಒಪ್ಪಬೇಕು?